ಎಂಜಿಬಿ ಗೇರ್‌ಬಾಕ್ಸ್: ಕಿಟ್ ತರಿಸುವ ಮೊದಲು ಲೇಶಾಫ್ಟ್ ನೋಡಿ

ಹಳೇ ಎಂಜಿಬಿ (ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು) ಇಟ್ಟುಕೊಂಡವರಿಗೆ ನನ್ನ ಒಂದೇ ಮಾತು, ಗೇರ್‌ಬಾಕ್ಸ್ ಬಿಚ್ಚಿ ನೋಡುವ ತನಕ ರಿಪೇರಿ ಕಿಟ್ ತರಿಸಬೇಡಿ. ನಾನು ತರಿಸಿದ್ದೆ. ಸಿಂಕ್ರೊ ರಿಂಗು (ಗೇರ್ ಬದಲಿಸುವಾಗ ವೇಗ ಸರಿಹೊಂದಿಸುವ ಹಿತ್ತಾಳೆ ಬಳೆ), ಬೇರಿಂಗು ಎಲ್ಲ ಇಂಗ್ಲೆಂಡಿನಿಂದ ಮಡಿಕೇರಿಗೆ ಬಂತು, ಹಾಕಿಸಿದ್ದೂ ಆಯ್ತು. ಲೇಶಾಫ್ಟ್, ಅಂದರೆ ಲೇಗೇರ್ ಎಂಬ ಗೇರುಗಳ ಗೊಂಚಲನ್ನು ಹೊತ್ತ ಸರಳು, ಅದನ್ನು ನೋಡಿ ಮೆಕ್ಯಾನಿಕ್ "ಶಾಫ್ಟ್ ಚೆನ್ನಾಗಿದೆ ಸಾರ್, ಮುಟ್ಟೋದು ಬೇಡ" ಅಂದರು, ನಂಬಿದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಗೊರಗೊರ ಶಬ್ದ ವಾಪಸ್. ಈ ಕಾರಿನಲ್ಲಿ ಇಂಜಿನ್, ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಇಳಿಸಬೇಕು, ಸುಮ್ನೆ ಇನ್ನೊಂದು ಸಲ ಬಿಚ್ಚಿ ನೋಡೋಣ ಅನ್ನುವ ಕೆಲಸ ಅಲ್ವಲ್ಲ.

ಇಳಿಸುವ ಮೊದಲು ಒಂದು ಸುತ್ತು ಓಡಿಸಿ. ನಮ್ಮ ಸಂಪಾಜೆ ಘಾಟಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಹಿಂದೆ ಮುಂದೆ ಗಾಡಿ ಇಲ್ಲದಾಗ, ಇಳಿಜಾರಿನಲ್ಲಿ ಎರಡನೇ ಗೇರಿಗೆ, ಆಮೇಲೆ ಮೂರನೆಯದಕ್ಕೆ ಹಾಕಿ, ಆಕ್ಸಿಲರೇಟರ್ ಬಿಟ್ಟು ಇಂಜಿನ್ ಹಿಡಿತದಲ್ಲೇ ಇಳಿಯಿರಿ. ಲಿವರ್ ಮೇಲೆ ಕೈ ಇಡಬೇಡಿ, ಕಾಲು ಮಾತ್ರ ಬ್ರೇಕ್ ಹತ್ತಿರ ಇರಲಿ. ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿದರೆ ಆ ಗೇರಿನ ಡಾಗ್ ಹಲ್ಲು (ಗೇರನ್ನು ಕಚ್ಚಿ ಹಿಡಿಯುವ ಸಣ್ಣ ಹಲ್ಲು), ಅದು ಕಚ್ಚುವ ಸಿಂಕ್ರೊ ಹಬ್ ಅಥವಾ ಲಿವರ್‌ನ ಚಲನೆಯನ್ನು ಗೇರಿಗೆ ಮುಟ್ಟಿಸುವ ಕವಲು, ಅಂದರೆ ಸೆಲೆಕ್ಟರ್ ಫೋರ್ಕ್ ಸವೆದಿರುತ್ತದೆ, ಕೆಲವೊಮ್ಮೆ ಬರೀ ಸೆಲೆಕ್ಟರ್‌ನ ಸ್ಪ್ರಿಂಗ್ ಸೋತಿರುತ್ತದೆ. ಮೂರರಿಂದ ಎರಡಕ್ಕೆ ಇಳಿಸುವಾಗ ಕರ್ರ್ ಅಂದರೆ ಎರಡನೆಯದರ ಸಿಂಕ್ರೊ ರಿಂಗ್ ಹೋಗಿದೆ. ಕ್ಲಚ್ ಪೂರ್ತಿ ಬಿಡಿಸುತ್ತಿದೆಯಾ ಅಂತ ಮಾತ್ರ ಮೊದಲೇ ಖಾತ್ರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಇಲ್ಲದ ರೋಗಕ್ಕೆ ಮದ್ದು ಮಾಡಿದ ಹಾಗಾಗುತ್ತದೆ. ನಿಮ್ಮದು 1962ರಿಂದ 1967ರೊಳಗಿನ ಕಾರಾದರೆ ಒಂದನೇ ಗೇರಿಗೆ ಸಿಂಕ್ರೊ ಇಲ್ಲವೇ ಇಲ್ಲ. ಓಡುವಾಗ ಒಂದಕ್ಕೆ ಹಾಕಿದರೆ ಕಿರುಚುವುದು ಅದರ ಗುಣ, ಸವೆತ ಅಲ್ಲ.

ಶಬ್ದವನ್ನೂ ಗಮನವಿಟ್ಟು ಕೇಳಿ. ಒಂದು, ಎರಡು, ಮೂರರಲ್ಲಿ ಗೊರಗುಟ್ಟಿ ನಾಲ್ಕರಲ್ಲಿ ಸುಮ್ಮನಾದರೆ ಲೇಶಾಫ್ಟ್ ಕಡೆ ಅನುಮಾನ ಪಡಿ. ನಾಲ್ಕರಲ್ಲಿ ಇಂಜಿನ್ನಿನ ಬಲ ನೇರ ಹಿಂದಕ್ಕೆ ಹೋಗುತ್ತದೆ, ಲೇಗೇರ್ ಮೇಲೆ ಭಾರ ಬೀಳುವುದಿಲ್ಲ. ಕ್ಲಚ್ ಒತ್ತಿದಾಗ ಮಾತ್ರ ಶಬ್ದ ಬಂದರೆ ಕ್ಲಚ್ ಬಿಡಿಸಲು ಒತ್ತುವ ರಿಲೀಸ್ ಬೇರಿಂಗ್ ನೋಡಿ.

ಆಯಿಲ್ ಬಿಸಿ ಇರುವಾಗಲೇ ಇಳಿಸಿ, ಬಿಳಿ ತಟ್ಟೆಗೆ. ಹಿತ್ತಾಳೆಯ ಸಣ್ಣ ಮಿನುಗು ಇದ್ದರೆ ಅದು ಸಿಂಕ್ರೊ ರಿಂಗಿನದು, ಸ್ವಲ್ಪ ಇದ್ದೇ ಇರುತ್ತದೆ. ಆಯಸ್ಕಾಂತಕ್ಕೆ ಚಕ್ಕೆ ಚಕ್ಕೆಯಾಗಿ ಅಂಟುವುದು ಉಕ್ಕು, ಅಂದರೆ ಗೇರ್, ಶಾಫ್ಟ್ ಅಥವಾ ಬೇರಿಂಗ್ ಒಡೆಯುತ್ತಿದೆ. ಹಾಲು ಕಲಸಿದ ಹಾಗಿದ್ದರೆ ನೀರು ಸೇರಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಶೆಡ್‌ನಲ್ಲಿ ಅಲುಗಾಡದೆ ನಿಂತ ಕಾರಾದರೆ ಬೇರಿಂಗ್‌ಗಳಲ್ಲಿ ತುಕ್ಕಿನ ಕಲೆ ಇದೆಯಾ ಅಂತ ಒಂದೊಂದನ್ನೂ ನೋಡಿ.

ಈಗ ಬಿಚ್ಚುವ ಕೆಲಸ. ಮುಚ್ಚಳ ತೆಗೆದ ಕೂಡಲೇ, ಬೇರೆ ಏನನ್ನೂ ಎಳೆಯುವ ಮೊದಲು, ಲೇಗೇರ್ ಹಿಂದೆ ಮುಂದೆ ಎಷ್ಟು ಆಡುತ್ತದೆ ಅಂತ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಹಾಕಿ ಅಳೆಯಿರಿ. 0.05ರಿಂದ 0.08 ಮಿ.ಮೀ. ಇರಬೇಕು. ಜಾಸ್ತಿ ಇದ್ದರೆ ಈ ಆಟವನ್ನು ತಡೆಯುವ, ಎರಡು ತುದಿಯ ಥ್ರಸ್ಟ್ ವಾಷರ್ ಸವೆದಿವೆ. ಹೆಜ್ಜೆ ಹೆಜ್ಜೆಗೂ ಫೋನಿನಲ್ಲಿ ಫೋಟೊ ತೆಗೆಯಿರಿ. ಲೇಶಾಫ್ಟಿಗೂ ಲೇಗೇರಿಗೂ ನಡುವಿನ ಸೂಜಿಯಂಥ ರೋಲರ್‌ಗಳು ಉದುರಿ ಬರಬಹುದು, ಎಣಿಸಿ ಹಳೇ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಹಾಕಿಡಿ, ಯಾವ ತುದಿಯದು ಯಾವ ಗುಳಿ ಅಂತ ಚೀಟಿ ಇಡಿ.

ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆದು ಒರೆಸಿ, ಲೇಶಾಫ್ಟ್ ಕೈಗೆ ತೆಗೆದುಕೊಳ್ಳಿ. ಇದು ತಿರುಗುವ ಶಾಫ್ಟ್ ಅಲ್ಲ. ಕೇಸಿಂಗ್‌ನಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಲೇಗೇರ್ ಅದರ ಸುತ್ತ ತಿರುಗುತ್ತದೆ. ಹಾಗಾಗಿ ಭಾರವೆಲ್ಲ ಒಂದೇ ಬದಿಗೆ ಬಿದ್ದು ಅಲ್ಲೇ ಸವೆಯುತ್ತದೆ, ಇನ್ನೊಂದು ಬದಿ ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ನನ್ನ ಶಾಫ್ಟ್ "ಚೆನ್ನಾಗಿದೆ" ಅನಿಸಿಕೊಂಡಿದ್ದು ಹೀಗೇ ಇರಬೇಕು. ಬಾಗಿಲ ಹತ್ತಿರ ಬೆಳಕಿಗೆ ಓರೆಯಾಗಿ ಹಿಡಿದು ನಿಧಾನಕ್ಕೆ ಪೂರ್ತಿ ಒಂದು ಸುತ್ತು ತಿರುಗಿಸಿ. ರೋಲರ್ ಓಡುವ ಜಾಗದಲ್ಲಿ ಸಾಸಿವೆಕಾಳು ಒತ್ತಿದಂಥ ಸಣ್ಣ ಸಣ್ಣ ಗುಳಿ ಕಾಣುತ್ತವೆಯಾ? ಉಗುರನ್ನು ಉದ್ದಕ್ಕೆ ಎಳೆಯಿರಿ. ಎಲ್ಲಾದರೂ ತಡೆದರೆ ಆ ಶಾಫ್ಟ್ ಮುಗೀತು. ಮೇಲಿನ ಗಟ್ಟಿ ಪದರ ತೀರಾ ತೆಳು, ಒಂದು ಸಲ ಒಡೆದರೆ ಆ ಚೂರುಗಳೇ ರೋಲರ್‌ಗಳ ನಡುವೆ ಸಿಕ್ಕಿ ಮಿಕ್ಕಿದ್ದನ್ನೂ ತಿನ್ನುತ್ತವೆ. ಲೇಗೇರ್ ಒಳಗೂ ಬೆರಳು ಹಾಕಿ ಸವರಿ ನೋಡಿ. ಅಲ್ಲಿ ತರಿ ತರಿ ಇದ್ದರೆ ಹೊಸ ಶಾಫ್ಟ್ ಹಾಕಿಯೂ ಪ್ರಯೋಜನ ಇಲ್ಲ. ಶಾಫ್ಟ್ ಬದಲಾಯಿಸಿದರೆ ರೋಲರ್‌ಗಳನ್ನೂ ಬದಲಾಯಿಸಿ, ಅದರಲ್ಲಿ ಉಳಿತಾಯ ಬೇಡ.

ಸಿಂಕ್ರೊ ರಿಂಗನ್ನು ಅದರದೇ ಗೇರಿನ ಕೋನ್ ಮೇಲೆ ಒತ್ತಿ ತಿರುಗಿಸಿ. ಕಚ್ಚಿ ಹಿಡಿಯಬೇಕು. ಜಾರಿದರೆ, ಅಥವಾ ರಿಂಗಿನ ಹಲ್ಲಿಗೂ ಗೇರಿನ ಹಲ್ಲಿಗೂ ನಡುವೆ ಸಂದು ಉಳಿಯದಷ್ಟು ಒಳಗೆ ಹೋದರೆ ಬದಲಾಯಿಸಿ. ಡಾಗ್ ಹಲ್ಲಿನ ತುದಿ ಚೂಪಾಗಿರಬೇಕು, ನದಿಕಲ್ಲಿನ ಹಾಗೆ ದುಂಡಗಾಗಿದ್ದರೆ ಗೇರ್ ಜಿಗಿಯುವುದು ನಿಲ್ಲುವುದಿಲ್ಲ.

ಬೇರಿಂಗ್ ತೊಳೆದ ಮೇಲೆ ಗಾಳಿ ಹೊಡೆದು ಗಿರ್ರನೆ ತಿರುಗಿಸಬೇಡಿ, ಹಾಳಾಗುತ್ತದೆ, ಅಪಾಯವೂ ಹೌದು. ಎರಡು ಹನಿ ಆಯಿಲ್ ಬಿಟ್ಟು ಕೈಯಲ್ಲಿ ತಿರುಗಿಸಿ. ಮರಳು ಸಿಕ್ಕಿದ ಹಾಗೆ ಅನಿಸಿದರೆ ತೆಗೆದುಹಾಕಿ. ಕೇಸಿಂಗ್‌ನಲ್ಲಿ ಬಿರುಕು, ಲೇಶಾಫ್ಟ್ ಕೂರುವ ತೂತು ಅಗಲವಾಗಿರುವುದು, ಇವನ್ನೂ ನೋಡಿಬಿಡಿ.

ಇಷ್ಟಾದ ಮೇಲೆ ಪಟ್ಟಿ ಬರೆದು ಒಂದೇ ಸಲ ಆರ್ಡರ್ ಮಾಡಿ. ಆಯಿಲ್ ಕೊಳ್ಳುವಾಗ ನೆನಪಿಡಿ, ಈ ಬಾಕ್ಸಿಗೆ ಕಂಪನಿ ಹೇಳಿದ್ದು ಇಂಜಿನ್ ಆಯಿಲ್, 20ಡಬ್ಲ್ಯು-50 ದಪ್ಪದ್ದು ಸಾಕು. ಅಂಗಡಿಯವರು ಕೊಡುವ ಜಿಎಲ್-5 ದರ್ಜೆಯ ಗೇರ್ ಆಯಿಲ್ ಹಾಕಬೇಡಿ, ಅದರಲ್ಲಿರುವ ಗಂಧಕ ಹಿತ್ತಾಳೆ ರಿಂಗುಗಳನ್ನು ತಿನ್ನಬಹುದು. ಪಾರ್ಸೆಲ್ ಬರುವ ತನಕ ತೊಳೆದ ಗೇರುಗಳನ್ನು ಹಾಗೇ ಬಿಡಬೇಡಿ. ನಮ್ಮ ಮಳೆಗೆ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತದೆ. ದಪ್ಪಗೆ ಆಯಿಲ್ ಸವರಿ, ಬಟ್ಟೆ ಸುತ್ತಿ, ಮುಚ್ಚಳ ಇರುವ ಡಬ್ಬಿಯಲ್ಲಿ ಹಾಕಿ ಒಲೆ ಉರಿಯುವ ಕೋಣೆಯ ಅಟ್ಟದ ಮೇಲಿಡಿ.