ಜ್ಯಾಕ್ ಬೀನ್ ಮ್ಯಾನೋಸಿಡೇಸ್: ಅಳೆಯುವುದು, ಬಳಸುವುದು

ಗ್ಲೈಕಾನ್‌ನ, ಅಂದರೆ ಪ್ರೋಟೀನಿಗೆ ಅಂಟಿರುವ ಸಕ್ಕರೆ ಸರಪಳಿಯ, ತುದಿಯಲ್ಲಿ ಆಲ್ಫಾ ಬಂಧದ ಮ್ಯಾನೋಸ್ ಎಂಬ ಸಕ್ಕರೆ ಇದೆಯೇ, ಇದ್ದರೆ ಎಷ್ಟಿದೆ ಎಂದು ನೋಡಲು ಬಳಸುವ, ಅದನ್ನು ಕಡಿದು ತೆಗೆಯುವ ಕಿಣ್ವ ಆಲ್ಫಾ-ಮ್ಯಾನೋಸಿಡೇಸ್ ಸಿಗುವುದು ಜ್ಯಾಕ್ ಬೀನ್ ಕಾಳಿನಿಂದ. 1926ರಲ್ಲಿ ಜೇಮ್ಸ್ ಸಮ್ನರ್ ಯೂರಿಯೇಸ್ ಕಿಣ್ವವನ್ನು ಹರಳುಗಟ್ಟಿಸಿದ್ದೂ ಇದೇ ಕಾಳಿನಿಂದ. ಈ ಮ್ಯಾನೋಸಿಡೇಸ್‌ಗೆ ಸತು ಬೇಕೇ ಬೇಕು. ಪ್ರಯೋಗ ಕೆಟ್ಟಾಗ ಮೊದಲು ಅನುಮಾನಿಸಬೇಕಾದದ್ದು ಸತುವನ್ನೇ.

ಕಿಣ್ವ ಸಾಮಾನ್ಯವಾಗಿ ಅಮೋನಿಯಂ ಸಲ್ಫೇಟ್‌ನಲ್ಲಿ ತೇಲುವ ಬಿಳಿ ಪುಡಿಯಾಗಿ ಬರುತ್ತದೆ. 4 ಡಿಗ್ರಿಯಲ್ಲಿಡಿ, ಫ್ರೀಜರ್‌ಗೆ ಹಾಕಬೇಡಿ. ನಿಂತ ಸೀಸೆಯಲ್ಲಿ ಪುಡಿ ತಳಕ್ಕೆ ಇಳಿದು ಮೇಲೆ ತಿಳಿನೀರು ಉಳಿದಿರುತ್ತದೆ. ಹಾಗೇ ಪಿಪೆಟ್ ಇಳಿಸಿದರೆ ಕೈಗೆ ಬರುವುದು ಬರೀ ಉಪ್ಪುನೀರು. ಇಡೀ ದ್ರವ ಹಾಲುಹಾಲಾಗುವವರೆಗೆ ನಿಧಾನವಾಗಿ ತಲೆಕೆಳಗು ಮಾಡಿ, ನೊರೆ ಬರುವಂತೆ ಕುಲುಕಬೇಡಿ.

ಸೀಸೆಯ ಮೇಲೆ ಬರೆದ ಯೂನಿಟ್ಟನ್ನೇ (ನಿಮಿಷಕ್ಕೆ ಒಂದು ಮೈಕ್ರೊಮೋಲ್ ಕಡಿಯುವಷ್ಟು ಕಿಣ್ವ ಒಂದು ಯೂನಿಟ್) ನಂಬಿ ಕೂರಬಾರದು. ಒಬ್ಬರು 25 ಡಿಗ್ರಿಯಲ್ಲಿ ಅಳೆದಿರುತ್ತಾರೆ, ಇನ್ನೊಬ್ಬರು 37ರಲ್ಲಿ. ನೀವೇ ಒಮ್ಮೆ ಅಳೆಯಿರಿ. 50 ಮಿಲಿಮೋಲಾರ್ ಸೋಡಿಯಂ ಅಸಿಟೇಟ್, ಪಿಎಚ್ 4.5ರಲ್ಲಿ 5 ಮಿಲಿಮೋಲಾರ್ ಪ್ಯಾರಾ-ನೈಟ್ರೊಫೀನೈಲ್ ಆಲ್ಫಾ-ಮ್ಯಾನೋಸೈಡ್ (ಕಿಣ್ವ ಕಡಿದಾಗ ನೈಟ್ರೊಫೀನಾಲ್ ಬಿಡುವ ವಸ್ತು) ಕರಗಿಸಿ 180 ಮೈಕ್ರೊಲೀಟರ್ ತೆಗೆದುಕೊಳ್ಳಿ. ಕಿಣ್ವವನ್ನು 0.1 ಮಿಲಿಮೋಲಾರ್ ಸತುವಿನ ಲವಣ ಮತ್ತು ಮಿಲಿಲೀಟರಿಗೆ 1 ಮಿಲಿಗ್ರಾಂ ಬಿಎಸ್‌ಎ (ದನದ ರಕ್ತದ ಅಲ್ಬುಮಿನ್ ಪ್ರೋಟೀನ್) ಇರುವ ಅಸಿಟೇಟ್ ಬಫರ್‌ನಲ್ಲಿ 100 ಪಟ್ಟು ತೆಳುಗೊಳಿಸಿ 20 ಮೈಕ್ರೊಲೀಟರ್ ಸೇರಿಸಿ. 25 ಡಿಗ್ರಿಯಲ್ಲಿ ಸರಿಯಾಗಿ 5 ನಿಮಿಷವಾದ ಮೇಲೆ 0.2 ಮೋಲಾರ್ ಸೋಡಿಯಂ ಕಾರ್ಬೊನೇಟ್ 800 ಮೈಕ್ರೊಲೀಟರ್ ಹಾಕಿ. ಅಲ್ಲಿಯವರೆಗೆ ಟ್ಯೂಬಿನಲ್ಲಿ ಬಣ್ಣ ಕಾಣದಿದ್ದರೆ ಗಾಬರಿ ಬೇಡ, ನೈಟ್ರೊಫೀನಾಲ್ ಹಳದಿಯಾಗುವುದು ಕ್ಷಾರ ಬಿದ್ದ ಮೇಲೆಯೇ. ಬ್ಲ್ಯಾಂಕ್ ಟ್ಯೂಬಿಗೆ, ಅಂದರೆ ಕ್ರಿಯೆ ನಡೆಯದ ಹೋಲಿಕೆಯ ಟ್ಯೂಬಿಗೆ, ಮೊದಲು ಕಾರ್ಬೊನೇಟ್, ಆಮೇಲೆ ಕಿಣ್ವ.

405 ನ್ಯಾನೊಮೀಟರ್‌ನಲ್ಲಿ, ಒಂದು ಸೆಂಟಿಮೀಟರ್ ಕುವೆಟ್‌ನಲ್ಲಿ, ಬ್ಲ್ಯಾಂಕ್ ಕಳೆದು ಬೆಳಕಿನ ಹೀರಿಕೆ 0.36 ಬಂತೆನ್ನಿ. ನೈಟ್ರೊಫೀನಾಲ್‌ನ ಮೋಲಾರ್ ಹೀರಿಕೆ ಗುಣಾಂಕ 18,000ದಿಂದ ಭಾಗಿಸಿದರೆ 20 ಮೈಕ್ರೊಮೋಲಾರ್, ಅಂದರೆ ಈ 1 ಮಿಲಿಲೀಟರಿನಲ್ಲಿ 20 ನ್ಯಾನೊಮೋಲ್. ನಿಮಿಷಕ್ಕೆ 4 ನ್ಯಾನೊಮೋಲ್, ಅದು 4 ಮಿಲಿಯೂನಿಟ್. ತೆಳುಗೊಳಿಸಿದ್ದರಲ್ಲಿ ಮಿಲಿಲೀಟರಿಗೆ 0.2 ಯೂನಿಟ್, ಮೂಲದಲ್ಲಿ 20. ಹತ್ತು ನಿಮಿಷ ಬಿಟ್ಟರೆ ಓದು ದುಪ್ಪಟ್ಟಾಗಬೇಕು. ಆಗದಿದ್ದರೆ ಕಿಣ್ವ ಜಾಸ್ತಿಯಾಗಿದೆ, ಇನ್ನಷ್ಟು ತೆಳುಗೊಳಿಸಿ.

ಇನ್ನು ಗ್ಲೈಕಾನ್ ಕಡಿಯುವ ಕೆಲಸ. ಬೇಕಾದಷ್ಟು ಕಿಣ್ವವನ್ನು 4 ಡಿಗ್ರಿಯಲ್ಲಿ 12,000 ಜಿ ವೇಗಕ್ಕೆ 10 ನಿಮಿಷ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ಉಪ್ಪುನೀರು ಚೆಲ್ಲಿ, ಉಳಿದ ಗಸಿಯನ್ನು 100 ಮಿಲಿಮೋಲಾರ್ ಸೋಡಿಯಂ ಅಸಿಟೇಟ್, 2 ಮಿಲಿಮೋಲಾರ್ ಸತು, ಪಿಎಚ್ 5.0ರ ಬಫರ್‌ನಲ್ಲಿ ಕರಗಿಸಿ. ಒಣಗಿಸಿದ ಗ್ಲೈಕಾನ್‌ಗೆ ಒಟ್ಟು 10 ಮೈಕ್ರೊಲೀಟರಿನಲ್ಲಿ ಸುಮಾರು ಅರ್ಧ ಯೂನಿಟ್ ಹಾಕಿ 37 ಡಿಗ್ರಿಯಲ್ಲಿ 16ರಿಂದ 18 ಗಂಟೆ ಇಡಿ. ಇಷ್ಟು ಚಿಕ್ಕ ಹನಿ ರಾತ್ರಿಯೊಳಗೆ ಆವಿಯಾಗಿ ಮುಚ್ಚಳದ ಒಳಗೆ ಕೂರುತ್ತದೆ. ಆದ್ದರಿಂದ ಮುಚ್ಚಳವೂ ಬಿಸಿಯಾಗುವ ಪಿಸಿಆರ್ ಯಂತ್ರವೇ ಒಳ್ಳೆಯದು.

ಇಷ್ಟು ಕಿಣ್ವ ಯಾಕೆಂದರೆ, ಆಲ್ಫಾ 1-2 ಮತ್ತು 1-6 ಬಂಧಗಳು ಬೇಗ ತುಂಡಾಗುತ್ತವೆ, 1-3 ಬಂಧ ಮಾತ್ರ ಹಟ ಹಿಡಿಯುತ್ತದೆ. ಕಿಣ್ವ ಕಡಿಮೆಯಾದರೆ ಅರ್ಧಂಬರ್ಧ ಕಡಿದ ಗ್ಲೈಕಾನ್ ಉಳಿದು, ಅದನ್ನೇ ಹೊಸ ರಚನೆ ಎಂದು ಓದಿಕೊಳ್ಳುವ ಅಪಾಯವಿದೆ.

ಸತು ಕಳೆದುಹೋಗುವ ದಾರಿಗಳು ಹಲವು. ಲೋಹಗಳನ್ನು ಹಿಡಿದಿಡುವ ಇಡಿಟಿಎ ಅದನ್ನು ಕಿತ್ತುಕೊಳ್ಳುತ್ತದೆ, ಫಾಸ್ಫೇಟ್ ಗಸಿಯಾಗಿ ಕೆಳಗಿಳಿಸುತ್ತದೆ. ಪಿಎನ್‌ಜಿಯೇಸ್ ಎಫ್ ಎಂಬ ಕಿಣ್ವದಿಂದ ಪ್ರೋಟೀನಿನಿಂದ ಗ್ಲೈಕಾನ್ ಬಿಡಿಸಿದ ಫಾಸ್ಫೇಟ್ ಬಫರ್‌ಗೇ ನೇರವಾಗಿ ಮ್ಯಾನೋಸಿಡೇಸ್ ಸುರಿದರೆ ಕೆಲಸ ನಡೆಯದಿರುವುದು ಇದಕ್ಕೇ. ಅಲ್ಲಿ ಪಿಎಚ್ ಕೂಡ 7.5ರ ಆಸುಪಾಸು. ಮೊದಲು ಶುದ್ಧಗೊಳಿಸಿ. ಸಿಟ್ರೇಟ್ ಬಫರ್ ಐದು ನಿಮಿಷದ ಪರೀಕ್ಷೆಗೆ ನಡೆದೀತು, ರಾತ್ರಿಯಿಡೀ ಬೇಡ. ಅದೂ ಸತುವನ್ನು ಹಿಡಿದುಕೊಳ್ಳುತ್ತದೆ.

ಜ್ಯಾಕ್ ಬೀನ್‌ನಲ್ಲಿ ಬೀಟಾ-ಹೆಕ್ಸೋಸಮಿನಿಡೇಸ್ ಎಂಬ ಇನ್ನೊಂದು ಕಿಣ್ವವೂ ಇದೆ. ಸರಿಯಾಗಿ ಬೇರ್ಪಡಿಸದ ಕಿಣ್ವದಲ್ಲಿ ಅದು ಸೇರಿದ್ದರೆ, ಮ್ಯಾನೋಸನ್ನು ಮುಚ್ಚಿರುವ ಎನ್-ಅಸಿಟೈಲ್‌ಗ್ಲೂಕೋಸಮೈನ್ ಎಂಬ ಸಕ್ಕರೆ ಉದುರಿ ಫಲಿತಾಂಶವೇ ತಲೆಕೆಳಗಾಗುತ್ತದೆ. ಹೊಸ ಸೀಸೆ ಬಂದಾಗಲೆಲ್ಲ ಎನ್-ಅಸಿಟೈಲ್‌ಗ್ಲೂಕೋಸಮಿನೈಡ್‌ನ ನೈಟ್ರೊಫೀನೈಲ್ ರೂಪದ ಮೇಲೂ ಪರೀಕ್ಷೆ ಮಾಡಿ; ಅಲ್ಲಿ ಹಳದಿ ಬರಬಾರದು.

ಹೋಲಿಕೆಗೆ ದನದ ರೈಬೊನ್ಯೂಕ್ಲಿಯೇಸ್ ಬಿ ಪ್ರೋಟೀನಿನ ಗ್ಲೈಕಾನ್‌ಗಳನ್ನು ಜೊತೆಗೆ ನಡೆಸಿ, ಅದರಲ್ಲಿ ಐದರಿಂದ ಒಂಬತ್ತು ಮ್ಯಾನೋಸ್ ಇರುವ ರೂಪಗಳಿವೆ. ಒಂದೊಂದು ಮ್ಯಾನೋಸ್ ಹೋದಾಗಲೂ ತೂಕ 162.05 ಡಾಲ್ಟನ್ ಇಳಿಯಬೇಕು. ಐದು ಮ್ಯಾನೋಸಿನದ್ದು ನಾಲ್ಕು ಕಳೆದುಕೊಂಡು 648.2 ಇಳಿದರೆ ಕೆಲಸ ಮುಗಿದಂತೆ. ಕೊನೆಯ ಮ್ಯಾನೋಸ್ ಬೀಟಾ ಬಂಧದ್ದು, ಈ ಕಿಣ್ವ ಅದನ್ನು ಮುಟ್ಟುವುದಿಲ್ಲ.