ಲೂಪ್ ಟೆಸ್ಟರ್ ಹಿಡಿದು ಬೆಟಗೇರಿಯ ಒಂದು ಮನೆಯಲ್ಲಿ

ಗೀಸರ್ ಮುಟ್ಟಿದರೆ ಜುಮ್ ಅನ್ನುತ್ತದೆ ಅಂತ ಬೆಟಗೇರಿಯ ಹಳೇ ಮನೆಯವರು ಕರೆದಿದ್ದರು. ಆದರೂ "ಎಂಸಿಬಿ ಐತಲ್ರಿ, ಏನಾಗೂದಿಲ್ಲ" ಅನ್ನೋ ಧೈರ್ಯ ಬೇರೆ. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್. ಇಂಥ ಕಡೆ ನಾನು ಲೂಪ್ ಟೆಸ್ಟರ್ ತೆಗೆಯುತ್ತೇನೆ.

ಫೇಸ್ ವೈರ್ ಗೀಸರ್ ಮೈಗೆ ತಗುಲಿದರೆ ಕರೆಂಟ್ ಅರ್ಥ್ ವೈರ್ ಹಿಡಿದು ಅರ್ಥಿಂಗ್ ಗುಂಡಿಗಿಳಿದು, ಮಣ್ಣಿನೊಳಗಿಂದ ಟ್ರಾನ್ಸ್‌ಫಾರ್ಮರ್‌ಗೆ ವಾಪಸ್ ಹೋಗಬೇಕು. ಆ ಪೂರ್ತಿ ದಾರಿಯೇ ಲೂಪ್; ಅದರ ಅಡ್ಡಿ ಎಷ್ಟು ಓಮ್ ಅಂತ ಟೆಸ್ಟರ್ ಹೇಳುತ್ತದೆ. ಗೀಸರ್ ಸಾಕೆಟ್‌ನಲ್ಲಿ ಬಂದದ್ದು 38. ವೋಲ್ಟೇಜ್ 230, ಭಾಗಿಸಿದರೆ ಬರೀ 6 ಆಂಪಿಯರ್. ಅಲ್ಲಿದ್ದದ್ದು 16 ಆಂಪಿಯರ್‌ನ ಸಿ ಟೈಪ್ ಎಂಸಿಬಿ. ಅದು ತಕ್ಷಣ ಬೀಳುವುದು ಗ್ಯಾರಂಟಿ ಅನ್ನಬೇಕಾದರೆ ಹತ್ತು ಪಟ್ಟು, ಅಂದರೆ 160 ಆಂಪಿಯರ್ ಹರಿಯಬೇಕು, ಅಂದರೆ ಲೂಪ್ 1.44 ಓಮ್ ಒಳಗಿರಬೇಕು. ಮನೆಗೊಂದು ಗುಂಡಿ ತೋಡಿ ಪೈಪ್ ಹೂಳುವ ನಮ್ಮ ಅರ್ಥಿಂಗ್‌ನಲ್ಲಿ ಅದು ಆಗೋ ಮಾತಲ್ಲ. 6 ಆಂಪಿಯರ್ ಆ ಎಂಸಿಬಿಗೆ ಮಾಮೂಲಿ ಲೋಡ್, ಸುಮ್ನೆ ಕೂತಿರುತ್ತದೆ.

ಗುಂಡಿಯೂ ನೋಡುವಂತಿರಲಿಲ್ಲ. ಬೇಸಿಗೆಗೆ ಎರೆ ಮಣ್ಣು ಬಿರಿದು ಪೈಪಿನಿಂದ ದೂರ ಸರಿದಿತ್ತು. ಕೊಡಗಟ್ಟಲೆ ನೀರು ಸುರಿಸಿ ಮರುದಿನ ಅಳೆದರೆ 24. ಒಳ್ಳೇದೇ, ಆದರೂ ಎಂಸಿಬಿಗೆ ಸಾಲದು.

ಅಡುಗೆಮನೆ ಸಾಕೆಟ್ ಮಾತ್ರ 0.8 ಓಮ್ ತೋರಿಸಿತು! ಮನೆಯವರಿಗೆ ಖುಷಿ, ನನಗೆ ಅನುಮಾನ. ಗುಂಡಿ ಒಂದೇ, ಇಲ್ಲಿಗೆ ಮಾತ್ರ ಇಷ್ಟು ಕಡಿಮೆ ಹೇಗೆ? ಮೇನ್ ಆಫ್ ಮಾಡಿ ಬಿಚ್ಚಿದೆ. ಅರ್ಥ್ ವೈರ್ ಅಲ್ಲಿಗೆ ಬಂದೇ ಇರಲಿಲ್ಲ. ಯಾರೋ ನ್ಯೂಟ್ರಲ್‌ನಿಂದ (ಕರೆಂಟ್ ವಾಪಸ್ ಹೋಗುವ ವೈರ್) ಅರ್ಥ್ ಪಿನ್ನಿಗೆ ಬೆರಳುದ್ದದ ಕಪ್ಪು ವೈರ್ ಸಿಕ್ಕಿಸಿದ್ದರು. ಟೆಸ್ಟರ್‌ನ ದೀಪಗಳಿಗೆ ಈ ಮೋಸ ಗೊತ್ತಾಗುವುದಿಲ್ಲ, ಎಲ್ಲ ಸರಿ ಅಂತಲೇ ಉರಿಯುತ್ತವೆ. ಆದರೆ ಹಿಂದೆ ಎಲ್ಲೋ ನ್ಯೂಟ್ರಲ್ ಕಡಿದರೆ ಸ್ವಿಚ್ ಹಾಕಿದ ಫ್ರಿಜ್ ಮೈಗೇ ಕರೆಂಟ್ ಬಂದು ಕೂರುತ್ತದೆ. ಹಾಗಾಗಿ ನನಗೆ ಜಾಸ್ತಿ ಬಂದ ರೀಡಿಂಗ್‌ಗಿಂತ ಇಂಥ ಚೆಂದದ ರೀಡಿಂಗ್ ಕಂಡರೇ ಹೆದರಿಕೆ.

ಆ ತುಂಡು ಕಿತ್ತು, ಹಸಿರು ವೈರ್ ಎಳೆದು, ಮೇನ್ ಬೋರ್ಡಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಕೂರಿಸಿದೆ. ಇದು ಅಷ್ಟು ಚಿಕ್ಕ ಕರೆಂಟ್ ಅರ್ಥ್ ಕಡೆ ಸೋರಿದರೂ ಬಿದ್ದು ಲೈನ್ ಕಡಿಯುವ ಸ್ವಿಚ್, ಅದಕ್ಕೆ 24 ಓಮ್ ಧಾರಾಳ ಸಾಕು. ಇದಾದ ಮೇಲೆ ಲೂಪ್ ಅಳೆಯುವಾಗ ಟೆಸ್ಟರ್ ತೀರ ಕಡಿಮೆ ಕರೆಂಟ್ ಬಿಟ್ಟು ಅಳೆಯುವ ನೋ ಟ್ರಿಪ್ ಮೋಡ್‌ನಲ್ಲಿರಬೇಕು, ಇಲ್ಲದಿದ್ದರೆ ಅಳೆಯುವ ಕರೆಂಟಿಗೇ ಆರ್‌ಸಿಸಿಬಿ ಬೀಳುತ್ತದೆ. ಆ ಮೋಡ್‌ನಲ್ಲಿ ರೀಡಿಂಗ್ ಸ್ವಲ್ಪ ಆಚೀಚೆ ಆಡುತ್ತದೆ, ಅಷ್ಟೇ.

ಗೀಸರ್ ಆನ್ ಮಾಡಿದ ಕೂಡಲೇ ಆರ್‌ಸಿಸಿಬಿ ಬಿತ್ತು. "ಹೊಸದೇ ಕೆಟ್ಟೈತೇನ್ರಿ?" ಅಂದರು. ಗೀಸರ್‌ನ ಎಲಿಮೆಂಟ್ ಬಿಚ್ಚಿ, ಕರೆಂಟ್ ಸೋರುತ್ತಿದ್ದ ಸೀಳಿದ ಜಾಗ ತೋರಿಸಿದೆ.