ಗೋಡೆಯ ಕ್ಯಾಲೆಂಡರ್, ಮೇಜಿನ ಉದ್ದ ಪುಸ್ತಕ: ತಿಂಗಳು-ವಾರ ಹಂಚಿಕೊಳ್ಳುವ ಕ್ರಮ

ನಮ್ಮ ಕಡೆಯ ಮನೆ, ಅಂಗಡಿಗಳಲ್ಲಿ ತೂಗುವ ಕ್ಯಾಲೆಂಡರ್ ಹೆಚ್ಚಾಗಿ ಮೇಲಿನಿಂದ ಕೆಳಗೆ ಓಡುವಂಥದ್ದು. ಎಡಬದಿಯಲ್ಲಿ ಭಾನುವಾರದಿಂದ ಶನಿವಾರದವರೆಗೆ ದಿನಗಳ ಹೆಸರು, ಒಂದು ವಾರಕ್ಕೆ ಒಂದು ಕಂಬಸಾಲು. ಐದು ಸಾಲಿಗೆ ಮಾತ್ರ ಜಾಗ. ಹಾಗಾಗಿ ಆರನೆಯ ಸಾಲಿಗೆ ಬೀಳಬೇಕಾದ 30 ಅಥವಾ 31ನ್ನು ಮುದ್ರಕರು ಮೊದಲ ಸಾಲಿನ ಖಾಲಿ ಮನೆಗೆ ತಂದು ಕೂರಿಸುತ್ತಾರೆ. 2026ರ ಮೇ ತಿಂಗಳ ಹಾಳೆ ನೋಡಿ: 1ನೇ ತಾರೀಕು ಶುಕ್ರವಾರ, ಅದರ ಮೇಲೆ ಐದು ಮನೆ ಖಾಲಿ, ಅದರಲ್ಲಿ ತುದಿಯ ಭಾನುವಾರದ ಮನೆಯಲ್ಲಿ 31. ಜನವರಿ-ಮಾರ್ಚ್ ಅವಧಿಯ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದಿಟ್ಟ ತೆರಿಗೆ) ರಿಟರ್ನ್ ಕೊಡಲು ಕಡೆಯ ದಿನ ಅದೇ ಮೇ 31. ತಪ್ಪಿದರೆ ದಿನಕ್ಕೆ 200 ರೂಪಾಯಿ ಬೀಳುತ್ತದೆ. ತಿಂಗಳ ಕೊನೆಯಲ್ಲಿ ಕಣ್ಣು ಹಾಳೆಯ ಬಲತುದಿಯಲ್ಲಿ ಇರುತ್ತದೆ, ಎಡಮೂಲೆಯ 31ರ ಕಡೆಗೆ ಹೋಗುವುದೇ ಇಲ್ಲ. ಆ ಮನೆಯನ್ನು ಪೆನ್ನಿನಿಂದ ಹೊಡೆದುಹಾಕಿ, ಕೊನೆಯ ಸಾಲಿನ ಪಕ್ಕದ ಅಂಚಿನಲ್ಲಿ ‘31 ಭಾನು’ ಎಂದು ದೊಡ್ಡದಾಗಿ ಬರೆಯಬೇಕು. 2026ರಲ್ಲಿ ಹೀಗಾಗುವುದು ಎರಡು ಹಾಳೆಗಳಲ್ಲಿ, ಮೇ ಮತ್ತು ಆಗಸ್ಟ್. ಆಗಸ್ಟ್‌ನಲ್ಲಿ 30, 31 ಎರಡೂ ಮೇಲೆ ಹತ್ತಿ ಕೂತಿವೆ.

ನನ್ನ ಕೆಲಸ ಉಡುಪಿಯಲ್ಲಿ ಸಣ್ಣ ಅಂಗಡಿ, ಹೋಟೆಲ್‌ಗಳ ಲೆಕ್ಕ ನೋಡುವುದು. ಪ್ರತಿ ತಿಂಗಳೂ ಅವೇ ತಾರೀಕುಗಳು: 7ಕ್ಕೆ ಟಿಡಿಎಸ್ ಕಟ್ಟುವುದು (ಮಾರ್ಚ್‌ನದ್ದು ಮಾತ್ರ ಏಪ್ರಿಲ್ 30ಕ್ಕೆ), 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 15ಕ್ಕೆ ನೌಕರರ ಭವಿಷ್ಯನಿಧಿ ಪಿಎಫ್ ಮತ್ತು ವಿಮೆ ಇಎಸ್‌ಐ, 20ಕ್ಕೆ ತಿಂಗಳ ಜಿಎಸ್‌ಟಿ ಲೆಕ್ಕ ಕೊಟ್ಟು ಕಟ್ಟುವ ಜಿಎಸ್‌ಟಿಆರ್-3ಬಿ. ಇವಕ್ಕೆ ಮೊಬೈಲ್‌ನ ನೆನಪೋಲೆ ಸಾಕಲ್ಲ ಎನ್ನುವವರಿದ್ದಾರೆ. ಮೊಬೈಲ್ ಆಯಾ ದಿನ ಗಂಟೆ ಬಾರಿಸುತ್ತದೆ ನಿಜ. ಆದರೆ 11ರ ಮರುದಿನ ಎರಡನೇ ಶನಿವಾರ, ಅದರಾಚೆ ಹಬ್ಬ, ಹಬ್ಬದ ಮರುದಿನವೇ ಮುಂಗಡ ತೆರಿಗೆ ಎನ್ನುವುದು ಒಂದೇ ನೋಟಕ್ಕೆ ಕಾಣುವುದು ದೊಡ್ಡ ಹಾಳೆಯಲ್ಲಿ.

ಕಾಗದ ಮೂರು ಸಾಕು: ಗೋಡೆಗೆ ಒಂದು ಕ್ಯಾಲೆಂಡರ್, ಮೇಜಿಗೆ ಒಂದು ಉದ್ದ ನೋಟ್‌ಬುಕ್, ಅಡುಗೆಮನೆಗೆ ಇನ್ನೊಂದು ಕ್ಯಾಲೆಂಡರ್. ಅಡುಗೆಮನೆಯದ್ದು ಹಾಲು ಬಾರದ ದಿನ, ಪೇಪರ್ ಬಾರದ ದಿನ, ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ ಗುರುತಿಸಲಿಕ್ಕೆ. ಅದಕ್ಕೆ ಬ್ಯಾಂಕಿನವರು ಕೊಟ್ಟದ್ದು ಧಾರಾಳ. ಈ ಗೀಟುಗಳನ್ನು ಗೋಡೆಯ ಮುಖ್ಯ ಕ್ಯಾಲೆಂಡರಿಗೆ ಹಾಕಬಾರದು. ಹಾಕಿದರೆ ನಾಲ್ಕು ತಿಂಗಳಲ್ಲಿ ಅದು ಹಾಲಿನ ಲೆಕ್ಕದ ಪುಸ್ತಕವಾಗಿ, ಕೆಂಪು ಗುರುತು ಹುಡುಕಬೇಕಾಗುತ್ತದೆ. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಯೋಜನೆಗೆ ಪ್ರಯೋಜನವಿಲ್ಲ, ನಾಳೆ ಏನೆಂದೇ ಅದರಲ್ಲಿ ಕಾಣುವುದಿಲ್ಲ. ಹೊಳೆಯುವ ನುಣುಪು ಕಾಗದದ್ದೂ ಬೇಡ, ಪೆನ್ಸಿಲ್ ಹಿಡಿಯುವುದಿಲ್ಲ. ಒರಟು ಕಾಗದದ, ತಿಥಿ ಮತ್ತು ತುಳು ತಿಂಗಳು ಎರಡನ್ನೂ ತೋರಿಸುವ ಕ್ಯಾಲೆಂಡರ್ ಇಲ್ಲಿಗೆ ಸರಿ.

ಗೋಡೆಯ ಹಾಳೆಯಲ್ಲಿ ಜರುಗಿಸಲಾಗದ ತಾರೀಕುಗಳು ಮಾತ್ರ. ಕೆಂಪು ಪೆನ್ನು ಸರಕಾರದ ಗಡುವಿಗೆ, ಪೆನ್ಸಿಲ್ ಉಳಿದದ್ದಕ್ಕೆ. ‘ಬಿಲ್ ತರಿಸಬೇಕು’, ‘ಫೋನ್ ಮಾಡಬೇಕು’ ಎನ್ನುವ ಕೆಲಸಗಳು ಅಲ್ಲಿಗೆ ಬರಬಾರದು, ಅವುಗಳ ಜಾಗ ಪುಸ್ತಕ. ಒಂದೇ ವಿಷಯ ಎರಡು ಕಡೆ ಬರೆದರೆ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಟ್ಟುಹೋಗುವುದು ಖಂಡಿತ.

ಪುಸ್ತಕದ ಲೆಕ್ಕ ಹೀಗೆ. 192 ಪುಟದ ಉದ್ದ ನೋಟ್‌ಬುಕ್, ದಾರದಲ್ಲಿ ಹೊಲಿದ ಬೈಂಡಿಂಗ್. ಪ್ರತಿ ತಿಂಗಳಿಗೆ ಎದುರುಬದುರಿನ ಎರಡು ಪುಟ, ಒಟ್ಟು 24. ಪ್ರತಿ ವಾರಕ್ಕೆ ಎರಡು ಪುಟ, 53 ವಾರವೆಂದು ಹಿಡಿದರೆ 106. ಅಲ್ಲಿಗೆ 130 ಹೋಗಿ 62 ಉಳಿಯುತ್ತವೆ. ಉಳಿದದ್ದರಲ್ಲಿ ಮೊದಲಿನ ನಾಲ್ಕು ಪುಟ ವರ್ಷದ ಪಟ್ಟಿಗೆ, ಹಿಂದಿನಿಂದ ತೆರೆದರೆ ಗಿರಾಕಿಗೊಂದು ಪುಟ. ಪುಟ ಸಂಖ್ಯೆಯನ್ನು ಮೊದಲ ದಿನವೇ ಹಾಕಿಬಿಡಬೇಕು. ವಾರದ ಪುಟ ಭಾನುವಾರದಿಂದಲೇ ಶುರುವಾಗಲಿ. ಗೋಡೆಯಲ್ಲಿ ಭಾನುವಾರ ಮೊದಲು, ಪುಸ್ತಕದಲ್ಲಿ ಸೋಮವಾರ ಮೊದಲು ಎಂದಾದರೆ ನೋಡಿ ಬರೆಯುವಾಗ ಒಂದು ಮನೆ ಕೆಳಗಿಳಿಯುತ್ತದೆ. ತಿಂಗಳು ದಾಟುವ ವಾರ ಯಾವ ತಿಂಗಳಿನದ್ದು ಎಂಬ ಗೊಂದಲಕ್ಕೆ ಒಂದೇ ನಿಯಮ: ಬುಧವಾರ ಯಾವ ತಿಂಗಳಲ್ಲಿದೆಯೋ ಆ ತಿಂಗಳಿನದ್ದು.

ಎಡಪುಟ ದಿನಗಳಿಗೆ. 30 ಗೆರೆಯ ಪುಟವಾದರೆ ದಿನಕ್ಕೆ ನಾಲ್ಕು ಗೆರೆ, ಉಳಿದ ಎರಡು ತಲೆಬರಹಕ್ಕೆ. ಐದನೆಯ ಕೆಲಸ ಬರೆಯಲು ಜಾಗ ಇಲ್ಲದಿರುವುದೇ ಒಳ್ಳೆಯದು. ಬಲಪುಟದಲ್ಲಿ ಈ ವಾರದೊಳಗೆ ಆಗಬೇಕಾದ, ಆದರೆ ದಿನ ಗೊತ್ತಾಗದ ಕೆಲಸಗಳು. ಗುರುತುಗಳು ಮೂರೇ: ಮುಗಿದದ್ದಕ್ಕೆ ಗೀಟು, ಮುಂದಿನ ವಾರಕ್ಕೆ ಹೋದದ್ದಕ್ಕೆ ‘ಮುಂ’, ಇನ್ನೊಬ್ಬರಿಂದ ಬರಬೇಕಾದ್ದಕ್ಕೆ ‘ಕಾ’. ‘ಕಾ’ ಬರೆದ ಕಡೆ ಯಾರಿಂದ, ಯಾವತ್ತು ಕೇಳಿದ್ದು ಎಂದು ಇರಬೇಕು. ಬರೇ ‘ಬಿಲ್ ಬಾಕಿ’ ಎಂದಿದ್ದರೆ ಒಂದು ವಾರದ ಮೇಲೆ ಯಾರ ಬಿಲ್ ಎಂದು ನಮಗೇ ಗೊತ್ತಾಗುವುದಿಲ್ಲ ಮಾರಾಯ್ರೆ. ಒಂದು ಕೆಲಸ ಮೂರು ವಾರ ‘ಮುಂ’ ಆಗಿ ಬಂತೆಂದರೆ ಅದು ಒಂದು ಕೆಲಸವಲ್ಲ, ನಾಲ್ಕು ಕೆಲಸ ಸೇರಿದ್ದು. ‘ಸ್ಟಾಕ್ ಲೆಕ್ಕ ಸರಿಮಾಡುವುದು’ ಎಂಬುದನ್ನು ಬಿಡಿಸಿ ‘ಗೋದಾಮಿನ ಪಟ್ಟಿ ತರಿಸುವುದು’ ಎಂದು ಬರೆದರೆ ಅದು ಹಂದುತ್ತದೆ.

ಇನ್ನು ತಿಂಗಳು ಹಾಕುವ ಬಗೆ. ಗಡುವಿನಿಂದ ಹಿಂದಕ್ಕೆ ಎಣಿಸಿಕೊಂಡು ಬರಬೇಕು, ಇವತ್ತಿನಿಂದ ಮುಂದಕ್ಕೆ ಅಲ್ಲ. 2026ರ ಸೆಪ್ಟೆಂಬರ್ ಇದಕ್ಕೆ ತಕ್ಕ ಉದಾಹರಣೆ. ಮೊದಲು ಕೆಂಪು: 7 ಸೋಮವಾರ, 11 ಶುಕ್ರವಾರ, 15 ಮಂಗಳವಾರ, 20 ಭಾನುವಾರ. ಸೆಪ್ಟೆಂಬರ್ 15 ಮುಂಗಡ ತೆರಿಗೆಯ ಎರಡನೇ ಕಂತೂ ಹೌದು, ಅಷ್ಟರೊಳಗೆ ಒಟ್ಟು 45 ಶೇಕಡಾ ಕಟ್ಟಿರಬೇಕು. ಆಮೇಲೆ ರಜೆಗಳು. ಬ್ಯಾಂಕಿನ ಎರಡನೇ ಶನಿವಾರ ಯಾವ ತಿಂಗಳಲ್ಲೂ 8ರಿಂದ 14ರೊಳಗೆ, ನಾಲ್ಕನೆಯದ್ದು 22ರಿಂದ 28ರೊಳಗೆ ಬೀಳುತ್ತದೆ. ಈ ಸಲ ಎರಡನೆಯದ್ದು 12ಕ್ಕೆ. 13 ಭಾನುವಾರ. 14 ಸೋಮವಾರ ಗಣೇಶ ಚತುರ್ಥಿ. ಮೂರು ದಿನ ಬ್ಯಾಂಕ್ ಮುಚ್ಚಿ ತೆರೆಯುವುದೇ 15ಕ್ಕೆ, ಅಂದೇ ಪಿಎಫ್, ಇಎಸ್‌ಐ, ಮುಂಗಡ ತೆರಿಗೆ ಮೂರೂ. ಇದರ ನಡುವೆ 8 ಮಂಗಳವಾರ ಮೊಂತಿ ಫೆಸ್ತ್. ಕ್ರೈಸ್ತ ಗಿರಾಕಿಗಳ ಮನೆಯಲ್ಲಿ ಹೊಸ ತೆನೆಯ ಊಟ, ಅವತ್ತು ಫೋನ್ ಮಾಡಿ ಬಿಲ್ ಕೇಳುವುದು ಮರ್ಯಾದೆಯಲ್ಲ.

ಹಿಂದಕ್ಕೆ ಎಣಿಸಿದಾಗ ಪುಸ್ತಕದ ಎಡಪುಟದಲ್ಲಿ ಮೂಡುವುದು ಇಷ್ಟು:

ಸೆ. 1 ಮಂಗಳ: ಎಲ್ಲರಿಗೂ ಮಾರಾಟದ ಬಿಲ್ ಕೇಳುವುದು
ಸೆ. 3 ಗುರು: ಬಾರದವರ ಹೆಸರಿನ ಎದುರು ‘ಕಾ’, ಎರಡನೇ ಫೋನ್
ಸೆ. 5 ಶನಿ: ಟಿಡಿಎಸ್ ಚಲನ್, 7ಕ್ಕೆ ಬಿಡುವುದಲ್ಲ
ಸೆ. 9 ಬುಧ: ಜಿಎಸ್‌ಟಿಆರ್-1 ಮುಗಿಸುವುದು, 10-11 ತಿದ್ದುಪಡಿಗೆ
ಸೆ. 10 ಗುರು: ಮುಂಗಡ ತೆರಿಗೆ, ಪಿಎಫ್, ಇಎಸ್‌ಐ ಕಟ್ಟಿಸುವುದು
ಸೆ. 16-19: 3ಬಿ

ಕೊನೆಯ ಸಾಲಿನ ಕಾರಣ ಹೇಳಬೇಕು. ಅಂಗಡಿಗೆ ಸರಕು ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿ, ಅಂದರೆ ಜಿಎಸ್‌ಟಿಆರ್-2ಬಿ, ಹೊರಡುವುದು 14ಕ್ಕೆ, ಅದನ್ನು ಖರೀದಿ ಪುಸ್ತಕದೊಂದಿಗೆ ತಾಳೆ ನೋಡದೆ 3ಬಿ ಕೊಡುವಂತಿಲ್ಲ. 14 ಹಬ್ಬಕ್ಕೆ, 15 ಗಡಿಬಿಡಿಗೆ ಹೋದರೆ ಉಳಿಯುವುದು ನಾಲ್ಕೇ ದಿನ. 24 ಅಂಗಡಿ ಇದ್ದರೆ ದಿನಕ್ಕೆ ಆರು. ಒಂದು ಅಂಗಡಿಗೆ ಒಂದು ಗಂಟೆ ಎಂದು ಹಿಡಿದರೂ ದಿನ ತುಂಬಿಹೋಯಿತು, ಆ ನಾಲ್ಕು ದಿನಕ್ಕೆ ಬೇರೇನೂ ಬರೆಯಬಾರದು. ಈ ಭಾಗಾಕಾರವನ್ನು ತಿಂಗಳ ಪುಟದಲ್ಲೇ ಮಾಡಿಟ್ಟರೆ, ಆ ವಾರ ‘ಸ್ವಲ್ಪ ಬಂದು ಹೋಗಿ’ ಎಂದು ಕರೆದವರಿಗೆ 21ರ ಮೇಲೆ ಎಂದು ಸಂಕೋಚವಿಲ್ಲದೆ ಹೇಳಬಹುದು.

ಹಳೆಯ ಪುಸ್ತಕ ನೋಡಿ ಹಬ್ಬದ ತಾರೀಕು ಇಳಿಸಿಕೊಳ್ಳುವವರು ಎಡವುವುದು ಚಾಂದ್ರಮಾನದ ಹಬ್ಬಗಳಲ್ಲಿ. ಸಾಧಾರಣ ವರ್ಷದಲ್ಲಿ ಅವು ಹತ್ತು-ಹನ್ನೊಂದು ದಿನ ಹಿಂದೆ ಬರುತ್ತವೆ. ಅಧಿಕ ಮಾಸ ಬಂದ ವರ್ಷ, ಅದಾದ ಮೇಲಿನ ಹಬ್ಬಗಳು ಮುಂದೆ ಹೋಗುತ್ತವೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಹಾಗಾಗಿ 2025ರಲ್ಲಿ ಆಗಸ್ಟ್ 27ಕ್ಕಿದ್ದ ಚೌತಿ 2026ರಲ್ಲಿ ಸೆಪ್ಟೆಂಬರ್ 14ಕ್ಕೆ, ಅಕ್ಟೋಬರ್ 20ಕ್ಕಿದ್ದ ದೀಪಾವಳಿ ನವೆಂಬರ್ 8ಕ್ಕೆ. ಸೌರಮಾನದ ಬಿಸು ಮಾತ್ರ ಏಪ್ರಿಲ್ 14 ಅಥವಾ 15 ಬಿಟ್ಟು ಅಲುಗುವುದಿಲ್ಲ. ಉಡುಪಿಯ ಕೃಷ್ಣಾಷ್ಟಮಿಯನ್ನು ಮಾತ್ರ ಹೊರಗಿನ ಊರಿನ ಕ್ಯಾಲೆಂಡರ್ ನೋಡಿ ಬರೆಯಬೇಡಿ. ಕೃಷ್ಣಮಠದಲ್ಲಿ ಅದು ಸೌರಮಾನಕ್ಕೆ, ಕೆಲವು ವರ್ಷ ಬೇರೆ ಕಡೆಗಿಂತ ಒಂದು ತಿಂಗಳೇ ತಡ. ಮರುದಿನದ ವಿಟ್ಲಪಿಂಡಿ ಉತ್ಸವಕ್ಕೆ ರಥಬೀದಿಯ ಸುತ್ತ ಅಂಗಡಿ ಇರುವವರಿಂದ ಒಂದು ಕಾಗದವೂ ಬಾರದು. ಮಠದ ಪೂಜೆಯ ಅಧಿಕಾರ ಕೈಬದಲಾಗುವ ಪರ್ಯಾಯ ಉತ್ಸವದ ತಾರೀಕು ಸುಲಭ, ಸಮಸಂಖ್ಯೆಯ ವರ್ಷಗಳಲ್ಲಿ ಜನವರಿ 18. ಆದರೆ ಮರುದಿನಗಳಲ್ಲೇ ಡಿಸೆಂಬರಿನ 3ಬಿ ಉಂಟು, ಆ ಜನವರಿಯಲ್ಲಿ 17ಕ್ಕೇ ಮುಗಿಸುವ ಲೆಕ್ಕ ಹಾಕಬೇಕು.

ವರ್ಷದ ಪುಟದಲ್ಲಿ ಇಂಗ್ಲಿಷ್ ತಿಂಗಳಿನ ಕೆಳಗೆ ತುಳು ತಿಂಗಳನ್ನೂ ಬರೆಯುವುದು ಅಲಂಕಾರಕ್ಕಲ್ಲ. ಇಲ್ಲಿ ಕೆಲಸದ ಒತ್ತಡ ಅದರಂತೆ ಏರಿಳಿಯುತ್ತದೆ. ದೀಪಾವಳಿ ಕಳೆದರೆ ಯಕ್ಷಗಾನದ ಆಟ, ಕೋಲ, ನೇಮ, ಕಂಬಳ, ಮದುವೆ ಶುರು. ತುಳು ತಿಂಗಳು ಬೇಶದ 10ಕ್ಕೆ ಇವುಗಳಿಗೆ ತೆರೆ ಬೀಳುವ ಪತ್ತನಾಜೆ, ಅಂದರೆ ಮೇ 24ರ ಆಸುಪಾಸು, ಅಲ್ಲಿಯವರೆಗೆ ಸಂಜೆಗಳು ನಮ್ಮವಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಮಲ್ಪೆಯ ಗಿರಾಕಿಗಳಿಗೆ ಬಿಡುವು. ಅವರ ಹಳೆಯ ಕಡತ ಕೇಳಿ ತರಿಸಿಕೊಳ್ಳಲು ಅದೇ ಹೊತ್ತು. ಜುಲೈ ನಡುವಿನಿಂದ ಆಗಸ್ಟ್ ನಡುವಿನ ಆಟಿಯಲ್ಲಿ ಶುಭಕಾರ್ಯ ಇಲ್ಲ, ಕರೆಯೋಲೆ ಬಾರದು. ವರ್ಷದ ಅತಿ ಉದ್ದದ, ಕೂತೇ ಮಾಡಬೇಕಾದ ಕೆಲಸವನ್ನು ಆಟಿಗೆ ಇಟ್ಟುಕೊಳ್ಳುವುದು ನನ್ನ ಪದ್ಧತಿ. ಮುಂದಿನ ತಿಂಗಳು ಸೋಣ ಬಂದ ಮೇಲೆ ಆ ಬಿಡುವು ಸಿಗುವುದಿಲ್ಲ.

ಆದರೆ ಅದೇ ಜೂನ್-ಜುಲೈಯಲ್ಲಿ ಮಳೆಯ ರಜೆ. ಜಿಲ್ಲಾಧಿಕಾರಿಗಳ ಆದೇಶ ಹಿಂದಿನ ರಾತ್ರಿಯೋ ಬೆಳಗ್ಗೆಯೋ ಬರುತ್ತದೆ, ಮಕ್ಕಳು ಮನೆಯಲ್ಲಿ. ಕರೆಂಟ್ ಹೋಗುತ್ತದೆ. ಈ ಎರಡು ತಿಂಗಳು ವಾರದ ಎಡಪುಟದಲ್ಲಿ ಒಂದು ಅರ್ಧ ದಿನವನ್ನು ಗೆರೆ ಎಳೆದು ಖಾಲಿ ಬಿಡಬೇಕು, ಮತ್ತು ಆನ್‌ಲೈನ್ ಕೆಲಸವೆಲ್ಲ ದಿನದ ಮೊದಲ ಗೆರೆಗೆ ಬರಬೇಕು. ಮೆಸ್ಕಾಂನ ವಿದ್ಯುತ್ ನಿಲುಗಡೆ ಪ್ರಕಟಣೆ ಪೇಪರಿನಲ್ಲಿ ಕಂಡರೆ ಆ ದಿನದ ಪಕ್ಕ ಪೆನ್ಸಿಲಿನಲ್ಲಿ ಗಂಟೆ ಬರೆದುಬಿಡುವುದು.

ಮಳೆಗಾಲ ಕಾಗದವನ್ನೂ ಬಿಡುವುದಿಲ್ಲ. ಹೊರಗೋಡೆಗೆ ತೂಗಿದ ಕ್ಯಾಲೆಂಡರ್ ಪಸೆ ಹೀರಿ ಸುಣ್ಣಕ್ಕೆ ಅಂಟುತ್ತದೆ, ಜುಲೈ ಹಾಳೆ ಮಗುಚುವಾಗ ಹರಿಯುತ್ತದೆ. ಒಳಗೋಡೆಯೇ ಸರಿ, ಹಿಂದೆ ಒಂದು ರಟ್ಟು ಇದ್ದರೆ ಇನ್ನೂ ಒಳ್ಳೆಯದು. ತಲೆಯ ತಗಡಿನ ಪಟ್ಟಿ ತುಕ್ಕು ಹಿಡಿದು ಹಾಳೆಯ ಮೇಲೆ ಕಂದು ಗೆರೆ ಇಳಿಸುತ್ತದೆ. ಸ್ಪೈರಲ್ ನೋಟ್‌ಬುಕ್ಕಿನ ತಂತಿಯದ್ದೂ ಅದೇ ಪಾಡು, ಹೊಲಿದ ಪುಸ್ತಕ ಎಂದದ್ದು ಅದಕ್ಕೇ. ತೇವ ಹಿಡಿದ ಕಾಗದದಲ್ಲಿ ಜೆಲ್ ಪೆನ್ನಿನ ಶಾಯಿ ಬೇಗ ಒಣಗದು, ಪುಟ ಮುಚ್ಚಿದ ಕೂಡಲೇ ಎದುರಿನ ಪುಟಕ್ಕೆ ಅಚ್ಚು ಬೀಳುತ್ತದೆ. ಶಾಯಿಪೆನ್ನಂತೂ ಹಿಂದಿನ ಪುಟಕ್ಕೆ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಚ್‌ಬಿ ಪೆನ್ಸಿಲ್ ಮತ್ತು ಬಾಲ್ ಪೆನ್ ಎರಡೇ. ಬಿಳಿ ಶಾಯಿ ಹಚ್ಚಿ ತಿದ್ದುವುದೂ ಬೇಡ, ಪಸೆಗೆ ಅದು ಹೊಪ್ಪಳೆ ಎದ್ದು ಕೆಳಗಿನ ತಪ್ಪು ತಾರೀಕು ಪುನಃ ಕಾಣುತ್ತದೆ. ಒಂದೇ ಗೀಟಿನಿಂದ ಹೊಡೆದು ಪಕ್ಕದಲ್ಲಿ ಬರೆಯಿರಿ.

ಮದುವೆ ಕಾಗದ ಬಂದರೆ ಮುಹೂರ್ತದ ಹೊತ್ತು ಬರೆಯುವುದಲ್ಲ, ಮನೆಯಿಂದ ಹೊರಡುವ ಹೊತ್ತು ಬರೆಯುವುದು. ಉಡುಪಿಯಿಂದ ಮಂಗಳೂರಿನ ಹಾಲ್‌ಗೆ ಬಸ್ಸಿನಲ್ಲಿ ಒಂದೂವರೆ ಗಂಟೆ ಬೇಕು. 11.40ರ ಮುಹೂರ್ತ ಎಂದರೆ ಆ ದಿನದ ಮೊದಲ ಗೆರೆ ‘9.30 ಹೊರಡುವುದು’, ಪಕ್ಕದಲ್ಲಿ ಮನೆಯಿಂದ ಯಾರು ಹೋಗುವುದು ಎಂಬ ಹೆಸರು. ಊಟ ಮುಗಿಸಿ ಬಂದು ಕೂತು ಕೆಲಸ ಮಾಡುತ್ತೇನೆ ಎಂದು ಮಧ್ಯಾಹ್ನಕ್ಕೆ ಏನನ್ನೂ ಬರೆಯದಿರುವುದು ವಾಸಿ.

ಡಿಸೆಂಬರ್ ಮಧ್ಯದಲ್ಲಿ ಹೊಸ ಕ್ಯಾಲೆಂಡರ್ ಸಿಕ್ಕಿದ ಕೂಡಲೇ ತಿಂಗಳ ಗಡುವುಗಳನ್ನು ಹನ್ನೆರಡೂ ಹಾಳೆಗೆ ಒಂದೇ ಸಲ ಕೆಂಪಿನಲ್ಲಿ ಇಳಿಸಬೇಕು, ತಿಂಗಳು ತಿಂಗಳು ಅಲ್ಲ. ಮತ್ತೆ ಮನೆಯ ವಾರ್ಷಿಕ ಖರ್ಚು: ಗಾಡಿಯ ಇನ್ಶೂರೆನ್ಸ್, ಎಲ್‌ಐಸಿ ಕಂತು, ಏಪ್ರಿಲ್ ಒಳಗೆ ಕಟ್ಟಿದರೆ 5 ಶೇಕಡಾ ರಿಯಾಯಿತಿ ಸಿಗುವ ಮನೆ ತೆರಿಗೆ. ಮುಗಿಯುವ ದಿನ ಕೆಂಪಿನಲ್ಲಿ, ಅದಕ್ಕೆ 15 ದಿನ ಮೊದಲು ಪೆನ್ಸಿಲಿನಲ್ಲಿ ಮೊತ್ತ. ಹಳೆಯ ಪುಸ್ತಕ ಎಸೆಯಬೇಡಿ. ‘ಮುಂ’ ಎಂದು ಬಿದ್ದ ಕೆಲಸಗಳನ್ನು ಗಿರಾಕಿವಾರು ಎಣಿಸಿದರೆ ಯಾರ ಬಿಲ್‌ಗೆ ಎಷ್ಟು ದಿನ ಮೊದಲು ಫೋನ್ ಮಾಡಬೇಕೆಂಬುದು ಅದರಲ್ಲೇ ಸಿಗುತ್ತದೆ. ಆ ದಿನಗಳ ಸಂಖ್ಯೆಯನ್ನು ಹೊಸ ಪುಸ್ತಕದ ಗಿರಾಕಿ ಪುಟದ ತಲೆಯಲ್ಲಿ ಬರೆದರೆ ಜನವರಿಯ ಫೋನ್‌ಗಳಿಗೆ ತಾರೀಕು ಹಾಕಬಹುದು.